ಕುರ್ಚಿಯ ಸುದ್ದಿ, ಪಕ್ಷದ ಸುದ್ದಿ

ಮೊದಲು ನಾವೆಲ್ಲ ಸೇರಿ ಒಂದು ಸುದ್ದಿ ಬರೆಯೋಣ. ಮುಖ್ಯಮಂತ್ರಿ ಸಂಜೆಯ ವಿಮಾನದಲ್ಲಿ ದೆಹಲಿಗೆ ಹೋಗಿದ್ದಾರೆ ಅಂತ ಇಟ್ಟುಕೊಳ್ಳಿ. ಯಾಕೆ ಹೋದರು ಅಂತ ನಮಗೆ ಗೊತ್ತಿಲ್ಲ. ಅವರ ಆಪ್ತರು ಫೋನ್ ಎತ್ತುತ್ತಿಲ್ಲ. ಪುಟ ಮುಗಿಸುವ ಹೊತ್ತಾಗಿದೆ. ತಲೆಬರಹ ಏನು ಕೊಡೋಣ? ನೀವೇ ಹೇಳಿಬಿಡುತ್ತೀರಿ: ‘ಸಿಎಂ ದಿಢೀರ್ ದೆಹಲಿಗೆ ದೌಡು’. ಅದರ ಕೆಳಗೆ ‘ಹೈಕಮಾಂಡ್ ಬುಲಾವ್’. ಅದರ ಕೆಳಗೆ ‘ರಾಜಕೀಯ ವಲಯದಲ್ಲಿ ಸಂಚಲನ’. ಕೊನೆಗೆ ಒಂದು ವಾಕ್ಯ: ‘ನಾಯಕತ್ವ ಬದಲಾವಣೆ ಕುರಿತು ಚರ್ಚೆ ನಡೆಯುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದು ಮೂಲಗಳು ತಿಳಿಸಿವೆ’.

ಆ ಕೊನೆಯ ವಾಕ್ಯವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಸುಳ್ಳಿಲ್ಲ. ನಿಜವೂ ಇಲ್ಲ. ಚರ್ಚೆ ನಡೆದರೆ ‘ನಾವು ಮೊದಲೇ ಹೇಳಿದ್ದೆವು’. ನಡೆಯದಿದ್ದರೆ ‘ಸಾಧ್ಯತೆ ಅಂತ ಮಾತ್ರ ಬರೆದಿದ್ದೆವು’. ಅಷ್ಟು ಹೊತ್ತಿಗೆ ಮುಖ್ಯಮಂತ್ರಿ ಕೇಂದ್ರದ ಮಂತ್ರಿಯೊಬ್ಬರಿಗೆ ನೀರಾವರಿ ಯೋಜನೆಯ ಮನವಿ ಕೊಟ್ಟು ವಾಪಸ್ ಬಂದಿರುತ್ತಾರೆ. ಆ ಮನವಿಯಲ್ಲಿ ಏನಿತ್ತು ಅನ್ನೋದು ಒಳಪುಟದಲ್ಲಿ ನಾಲ್ಕು ಸಾಲು.

ಈ ‘ಮೂಲ’ ಅನ್ನೋರು ಯಾರು? ಬಹಳ ಸಲ ಆ ಸುದ್ದಿಯಿಂದ ಲಾಭ ಆಗುವವರೇ. ಕುರ್ಚಿ ಬೇಕಾದವರು ಒಂದು ಮಾತು ತೇಲಿಬಿಡುತ್ತಾರೆ. ಕುರ್ಚಿಯಲ್ಲಿ ಇರುವವರ ಕಡೆಯಿಂದ ಅದಕ್ಕೆ ಉತ್ತರವಾಗಿ ಇನ್ನೊಂದು ಮಾತು ಬರುತ್ತದೆ. ಮೂರನೆಯ ತರಹದವರು ಇನ್ನೂ ಚುರುಕು. ಅವರು ತಮಗಾಗದವರ ಹೆಸರನ್ನು ಸಂಭಾವ್ಯರ ಪಟ್ಟಿಗೆ ಸೇರಿಸಿ ಎಂದು ಹೇಳುತ್ತಾರೆ. ಯಾಕೆ ಗೊತ್ತಾ? ಪತ್ರಿಕೆಯಲ್ಲಿ ಹೆಸರು ಮೊದಲೇ ಬಂದರೆ ಉಳಿದ ಆಕಾಂಕ್ಷಿಗಳೆಲ್ಲ ಒಟ್ಟಾಗಿ ಅವರ ಮೇಲೆ ಬೀಳುತ್ತಾರೆ. ವರದಿಗಾರನಿಗೆ ಇದು ಗೊತ್ತಿಲ್ಲ ಅಂತಲ್ಲ. ಚೆನ್ನಾಗಿಯೇ ಗೊತ್ತು. ಆದರೆ ಬೇರೆ ಪತ್ರಿಕೆಯಲ್ಲಿ ಬಂದು ತನ್ನಲ್ಲಿ ಬರದಿದ್ದರೆ ಬೆಳಗ್ಗೆ ಸಂಪಾದಕರಿಗೆ ಏನು ಹೇಳೋದು?

ಗಾಳಿಸುದ್ದಿ ನಿಲ್ಲಿಸಿ ಅಂತ ಹೇಳೋಕೆ ನಾನು ಬಂದಿಲ್ಲ. ರಾಜಕೀಯ ಇರುವ ತನಕ ಅದು ಇರುತ್ತದೆ, ಓದೋಕೆ ಮಜಾನೂ ಇರುತ್ತದೆ. ನನ್ನ ತಕರಾರು ಬೇರೆ. ಮುಂದೆ ಯಾರು ಅನ್ನುವ ಒಂದೇ ಪ್ರಶ್ನೆಯ ಹಿಂದೆ ನಾವು ಓಡುತ್ತೇವೆ. ಅವರನ್ನು ಆರಿಸುವವರು ಯಾರು, ಯಾವ ನಿಯಮದ ಪ್ರಕಾರ ಅಂತ ಕೇಳೋದನ್ನು ಬಿಟ್ಟುಬಿಟ್ಟಿದ್ದೇವೆ. ಹಾಗಾಗಿ ಪಕ್ಷದೊಳಗೆ ಏನಾದರೂ ದೊಡ್ಡದು ನಡೆದಾಗಲೆಲ್ಲ ನಮಗೆ ಅದು ‘ಅಚ್ಚರಿಯ ಬೆಳವಣಿಗೆ’.

ರಾಜಸ್ಥಾನದ ಉದಾಹರಣೆ ತಗೊಳ್ಳಿ. 2023ರ ಡಿಸೆಂಬರ್. ಬಿಜೆಪಿ ಗೆದ್ದಿದೆ. ಮುಖ್ಯಮಂತ್ರಿ ಯಾರು ಅಂತ ಟಿವಿಯಲ್ಲಿ ದಿನವಿಡೀ ಚರ್ಚೆ. ಹೆಸರುಗಳ ಪಟ್ಟಿ ಬೆಳೆಯುತ್ತಾ ಹೋಯಿತು. ಜಾತಿ ಲೆಕ್ಕ, ಸಂಘದ ಲೆಕ್ಕ, ಲೋಕಸಭೆ ಚುನಾವಣೆಯ ಲೆಕ್ಕ, ಎಲ್ಲವನ್ನೂ ಹಾಕಿದರು. ಡಿಸೆಂಬರ್ 12ರಂದು ಜೈಪುರದಲ್ಲಿ ಶಾಸಕಾಂಗ ಪಕ್ಷದ ಸಭೆ. ವೀಕ್ಷಕರಾಗಿ ಬಂದಿದ್ದವರು ರಾಜನಾಥ್ ಸಿಂಗ್. ಅವರು ಒಂದು ಚೀಟಿಯನ್ನು ಪಕ್ಕದಲ್ಲಿ ಕೂತಿದ್ದ ವಸುಂಧರಾ ರಾಜೆ ಅವರ ಕೈಗೆ ಕೊಟ್ಟರು. ಎರಡು ಸಲ ಮುಖ್ಯಮಂತ್ರಿ ಆಗಿದ್ದವರು, ಮೂರನೇ ಸಲ ಆಗಬಹುದು ಅಂತ ಎಲ್ಲರೂ ಬರೆದಿದ್ದವರು. ಅವರು ಚೀಟಿ ಬಿಚ್ಚಿ ನೋಡಿದರು, ಹೆಸರು ಹೇಳಿದರು. ಭಜನ್ ಲಾಲ್ ಶರ್ಮಾ. ಮೊದಲ ಸಲ ಶಾಸಕರಾದವರು. ಸಭೆಗೆ ಮುಂಚೆ ತೆಗೆದ ಗುಂಪು ಫೋಟೋದಲ್ಲಿ ಅವರು ನಿಂತಿದ್ದುದು ಕೊನೆಯ ಸಾಲಿನಲ್ಲಿ.

ಮರುದಿನ ವಿಶ್ಲೇಷಣೆ ಏನು ಬಂತು? ‘ಮಾಸ್ಟರ್ ಸ್ಟ್ರೋಕ್’. ಹಿಂದಿನ ದಿನದವರೆಗೆ ಆ ಹೆಸರೇ ಬರೆಯದಿದ್ದವರು, ಈಗ ಆ ಆಯ್ಕೆ ಎಷ್ಟು ಸಹಜವಾಗಿತ್ತು ಅಂತ ಏಳು ಕಾರಣ ಕೊಟ್ಟರು. ಚೀಟಿಯ ವಿಡಿಯೋ ಎಲ್ಲರ ಮೊಬೈಲಿಗೂ ಬಂತು, ವಸುಂಧರಾ ಅವರ ಮುಖದ ಮೇಲೆ ಯಾವ ಭಾವನೆ ಇತ್ತು ಅಂತ ಬಗೆಬಗೆಯ ವ್ಯಾಖ್ಯಾನ ಬಂತು. ಆ ಚೀಟಿ ಬರೆದವರು ಯಾರು? ಯಾವಾಗ ಬರೆದರು? ಗೆದ್ದ ಶಾಸಕರನ್ನು ಯಾರಾದರೂ ಕೇಳಿದರಾ? ಈ ಪ್ರಶ್ನೆಗಳಿಗೆ ಅಷ್ಟು ಜಾಗ ಸಿಗಲಿಲ್ಲ.

ಇದು ಬಿಜೆಪಿಯದು ಮಾತ್ರ ಅಂದುಕೊಳ್ಳಬೇಡಿ. ಕಾಂಗ್ರೆಸ್ಸಿನಲ್ಲಿ ಇದೇ ಕೆಲಸಕ್ಕೆ ಒಂದು ಸಾಲಿನ ನಿರ್ಣಯ ಅಂತ ಇದೆ. 2023ರ ಮೇ ತಿಂಗಳು ನೆನಪು ಮಾಡಿಕೊಳ್ಳಿ. ಕಾಂಗ್ರೆಸ್ಸಿಗೆ 135 ಸ್ಥಾನ ಬಂದಿತ್ತು. ಮೇ 14ರ ಸಂಜೆ ಬೆಂಗಳೂರಿನ ಹೋಟೆಲಿನಲ್ಲಿ ಶಾಸಕಾಂಗ ಪಕ್ಷದ ಸಭೆ. ನಾಯಕನನ್ನು ಆರಿಸುವ ಅಧಿಕಾರವನ್ನು ಎಐಸಿಸಿ ಅಧ್ಯಕ್ಷರಿಗೆ ಕೊಡುತ್ತೇವೆ ಅನ್ನೋದು ಆ ನಿರ್ಣಯ. ಆಮೇಲೆ ವೀಕ್ಷಕರು ಶಾಸಕರ ಅಭಿಪ್ರಾಯವನ್ನೂ ಪಡೆದರು. ಯಾರಿಗೆ ಎಷ್ಟು ಶಾಸಕರ ಬೆಂಬಲ ಅನ್ನೋ ಅಂಕಿಯನ್ನು ಪಕ್ಷ ಪ್ರಕಟಿಸಲಿಲ್ಲ. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಬ್ಬರನ್ನೂ ದೆಹಲಿಗೆ ಕರೆದು ಮಾತುಕತೆ ಆಯಿತು. ಮೇ 20ರಂದು ಪ್ರಮಾಣ ವಚನ. ಆ ಮಾತುಕತೆಯಲ್ಲಿ ಅಧಿಕಾರ ಹಂಚಿಕೆ ಒಪ್ಪಂದ ಆಗಿತ್ತೋ ಇಲ್ಲವೋ ಅಂತ ಎರಡೂವರೆ ವರ್ಷ ಸುದ್ದಿ ಬರೆದೆವು. 2025ರಲ್ಲಿ ಮುಖ್ಯಮಂತ್ರಿ ಬದಲಾಗುತ್ತಾರೆ ಅನ್ನೋ ಆ ಸುದ್ದಿ ‘ಸೆಪ್ಟೆಂಬರ್ ಕ್ರಾಂತಿ’ ಆಯಿತು, ಆಮೇಲೆ ‘ನವೆಂಬರ್ ಕ್ರಾಂತಿ’ ಆಯಿತು. ಇಬ್ಬರೂ ಒಟ್ಟಿಗೆ ಕೂತು ತಿಂಡಿ ತಿಂದಿದ್ದನ್ನು ಟಿವಿಯವರು ಶೃಂಗಸಭೆಯ ಹಾಗೆ ತೋರಿಸಿದರು. ಆ ಅಂಕಿಯನ್ನು ಮೇ 14ರ ರಾತ್ರಿಯೇ ಗೋಡೆಗೆ ಅಂಟಿಸಿದ್ದರೆ ಇದರಲ್ಲಿ ಅರ್ಧ ಸುದ್ದಿ ಹುಟ್ಟುತ್ತಲೇ ಇರಲಿಲ್ಲ.

ಸಂವಿಧಾನದ 164ನೇ ವಿಧಿಯಲ್ಲಿ ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ, ಮಂತ್ರಿಮಂಡಲ ವಿಧಾನಸಭೆಗೆ ಉತ್ತರ ಕೊಡಬೇಕು ಅಂತ ಇದೆ. ಹೈಕಮಾಂಡ್ ಅನ್ನೋದು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ನಮ್ಮ ಪತ್ರಿಕೆಗಳಲ್ಲಿ ಮಾತ್ರ ಅದು ದಿನಾ ಇದೆ.

ಇನ್ನು ವೀರೇಂದ್ರ ಪಾಟೀಲರ ಕತೆ. ನಮ್ಮ ರಾಜ್ಯದ ರಾಜಕೀಯ ಬರೆಯುವವರು ಇದನ್ನು ಹೇಳದೆ ಬಿಡೋದಿಲ್ಲ, ನಾನೂ ಬಿಡೋದಿಲ್ಲ. 1989ರಲ್ಲಿ ಅವರ ನೇತೃತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತ್ತು. 1990ರ ಅಕ್ಟೋಬರಿನಲ್ಲಿ ಪಾಟೀಲರಿಗೆ ಆರೋಗ್ಯ ಸರಿ ಇರಲಿಲ್ಲ, ರಾಜ್ಯದಲ್ಲಿ ಕೋಮು ಗಲಭೆ ಆಗಿತ್ತು. ರಾಜೀವ್ ಗಾಂಧಿ ಬಂದರು, ನೋಡಿದರು, ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರ ಮುಂದೆ ನಾಯಕತ್ವ ಬದಲಾವಣೆ ಘೋಷಿಸಿಬಿಟ್ಟರು. ಮುಂದೆ ಬಂಗಾರಪ್ಪ, ಆಮೇಲೆ ವೀರಪ್ಪ ಮೊಯಿಲಿ. ಐದು ವರ್ಷಕ್ಕೆ ಮೂವರು. 1994ರ ಚುನಾವಣೆಯಲ್ಲಿ ಕಾಂಗ್ರೆಸ್ 34ಕ್ಕೆ ಇಳಿಯಿತು.

ವಿಶ್ಲೇಷಕರಿಗೆ ಈ ಕತೆ ಯಾಕೆ ಇಷ್ಟ ಅಂದರೆ, ಅದರಲ್ಲಿ ಒಂದು ದೃಶ್ಯ ಇದೆ. ವಿಮಾನ ನಿಲ್ದಾಣ, ಮೈಕು, ಅವಮಾನ. ಅಲ್ಲಿಂದ ಲಿಂಗಾಯತರು ಕಾಂಗ್ರೆಸ್ಸಿನ ಕೈ ಬಿಟ್ಟರು, ಮುಗಿಯಿತು. ಇದರಲ್ಲಿ ನಿಜ ಇದೆ, ಇಲ್ಲ ಅನ್ನಲ್ಲ. ಆದರೆ 178ರಿಂದ 34ಕ್ಕೆ ಬಿದ್ದಿದ್ದನ್ನು ಅದೊಂದೇ ವಿವರಿಸುತ್ತದಾ? 1994ರಲ್ಲಿ ಬಂಗಾರಪ್ಪ ಸ್ವಂತ ಪಕ್ಷ ಕಟ್ಟಿಕೊಂಡು ಹೊರಗೆ ನಿಂತಿದ್ದರು. ಹಿಂದಿನ ಸಲ 4 ಗೆದ್ದಿದ್ದ ಬಿಜೆಪಿ 40ಕ್ಕೆ ಏರಿತು, ಅದರ ಹಿಂದೆ ಅಯೋಧ್ಯೆಯೂ ಇತ್ತು, ಹುಬ್ಬಳ್ಳಿಯ ಈದ್ಗಾ ಮೈದಾನದ ಧ್ವಜ ವಿವಾದವೂ ಇತ್ತು. ಹರಿದು ಹೋಗಿದ್ದ ಜನತಾ ದಳ ಒಟ್ಟಾಗಿ 115 ಗೆದ್ದಿತು. ಇಷ್ಟೆಲ್ಲ ಹೇಳೋಕೆ ಟಿವಿಯಲ್ಲಿ ಸಮಯ ಇಲ್ಲ. ದೃಶ್ಯ ಹೇಳೋಕೆ ಇದೆ.

ದೃಶ್ಯಗಳ ಮಾತು ಬಂದಿದ್ದಕ್ಕೆ ಇನ್ನೊಂದು. ರಾಹುಲ್ ಗಾಂಧಿ ಪತ್ರಿಕಾಗೋಷ್ಠಿಯಲ್ಲಿ ಸುಗ್ರೀವಾಜ್ಞೆಯ ಪ್ರತಿ ಹರಿದು ಹಾಕಿದರು ಅಂತ ನಿಮ್ಮಲ್ಲಿ ಎಷ್ಟೋ ಜನಕ್ಕೆ ನೆನಪಿರಬಹುದು. ನಿಜವಾಗಿ ಹರಿದಿರಲಿಲ್ಲ. 2013ರ ಸೆಪ್ಟೆಂಬರ್ 27, ದೆಹಲಿಯ ಪ್ರೆಸ್ ಕ್ಲಬ್. ಕಾಂಗ್ರೆಸ್ ನಾಯಕ ಅಜಯ್ ಮಾಕನ್ ಮಾತಾಡುತ್ತಿದ್ದ ಗೋಷ್ಠಿಗೆ ರಾಹುಲ್ ಬಂದರು. ಈ ಸುಗ್ರೀವಾಜ್ಞೆಗೆ ಅರ್ಥವೇ ಇಲ್ಲ, ಇದನ್ನು ಹರಿದು ಬಿಸಾಕಬೇಕು ಅಂದರು, ಹೋದರು. ಕೈಯಲ್ಲಿ ಏನನ್ನೂ ಹರಿಯಲಿಲ್ಲ. ಆದರೆ ‘ಸುಗ್ರೀವಾಜ್ಞೆ ಹರಿದ ರಾಹುಲ್’ ಅಂತ ಇವತ್ತಿಗೂ ಅಂಕಣಗಳಲ್ಲಿ ಬರುತ್ತದೆ. ಅದರ ಹಿಂದಿನ ವರ್ಷ ಉತ್ತರ ಪ್ರದೇಶದ ಒಂದು ಚುನಾವಣಾ ಸಭೆಯಲ್ಲಿ ಅವರು ಕಾಗದ ಹರಿದಿದ್ದರು. ಎರಡೂ ಬೆರೆತು ಒಂದಾಗಿರಬಹುದು.

ಅವತ್ತಿನ ಚರ್ಚೆಯೆಲ್ಲ ಒಂದೇ ದಿಕ್ಕಿನಲ್ಲಿ ಹೋಯಿತು. ಪ್ರಧಾನಿ ಮನಮೋಹನ್ ಸಿಂಗ್ ಅಮೆರಿಕದಲ್ಲಿದ್ದರು, ಅವರಿಗೆ ಅವಮಾನ ಆಯಿತು, ರಾಜೀನಾಮೆ ಕೊಡುತ್ತಾರಾ? ಇದು ಸುದ್ದಿ ಹೌದು. ಆದರೆ ಸಚಿವ ಸಂಪುಟ ಒಪ್ಪಿದ್ದ ಒಂದು ತೀರ್ಮಾನವನ್ನು ಪಕ್ಷದ ಉಪಾಧ್ಯಕ್ಷರು ಯಾವ ಅಧಿಕಾರದಿಂದ ತಳ್ಳಿಹಾಕಿದರು? ಪಕ್ಷದೊಳಗೆ ಅದಕ್ಕೆ ಮುಂಚೆ ಒಪ್ಪಿದವರು ಯಾರು, ಬೇಡ ಅಂದವರು ಯಾರು? ಸುಗ್ರೀವಾಜ್ಞೆಯ ವಿಷಯವಾದರೂ ಏನು? ಶಿಕ್ಷೆಯಾದ ಶಾಸಕ, ಸಂಸದರು ಕೂಡಲೇ ಸ್ಥಾನ ಕಳೆದುಕೊಳ್ಳಬೇಕು ಅಂತ ಅದೇ ವರ್ಷ ಜುಲೈ 10ರಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅದರಿಂದ ತಪ್ಪಿಸಿಕೊಳ್ಳೋಕೆ ತಂದಿದ್ದು ಅದು. ಅಕ್ಟೋಬರ್ 2ರಂದು ಸರ್ಕಾರ ಅದನ್ನು ವಾಪಸ್ ತಗೊಂಡಿತು. ಹತ್ತು ವರ್ಷ ಆದ ಮೇಲೆ, 2023ರ ಮಾರ್ಚಿನಲ್ಲಿ ಸೂರತ್ ಕೋರ್ಟಿನ ತೀರ್ಪು ಬಂದ ಮರುದಿನವೇ ಸಂಸತ್ ಸದಸ್ಯತ್ವ ಕಳೆದುಕೊಂಡವರು ಅದೇ ರಾಹುಲ್. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ದೋಷಿ ಅನ್ನುವ ತೀರ್ಪಿಗೆ ತಡೆ ಕೊಟ್ಟ ಮೇಲೆ ವಾಪಸ್ ಸಿಕ್ಕಿತು.

ಈಗ ದೇವೇಗೌಡರ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕಂದರೆ ದೆಹಲಿಯ ಪತ್ರಿಕೋದ್ಯಮ ನಮ್ಮವರೊಬ್ಬರನ್ನು ಹೇಗೆ ನೋಡಿತು ಅನ್ನೋದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1996ರ ಮೇ. ಬಿಜೆಪಿಗೆ 161, ಕಾಂಗ್ರೆಸ್ಸಿಗೆ 140. ವಾಜಪೇಯಿ ಸರ್ಕಾರ 13 ದಿನಕ್ಕೆ ಬಿತ್ತು. ಬಿಜೆಪಿ, ಕಾಂಗ್ರೆಸ್ ಎರಡೂ ಅಲ್ಲದ ಪಕ್ಷಗಳ ಕೂಟವಾದ ಸಂಯುಕ್ತ ರಂಗಕ್ಕೆ ಒಬ್ಬ ನಾಯಕ ಬೇಕಿತ್ತು. ವಿ.ಪಿ. ಸಿಂಗ್ ಒಲ್ಲೆ ಅಂದರು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರನ್ನು ಕೇಳಿದರು, ಅವರ ಪಕ್ಷ ಸಿಪಿಎಂ ಬೇಡ ಅಂತ ತೀರ್ಮಾನ ಮಾಡಿತು. ಬಸು ಆಮೇಲೆ ಅದನ್ನು ಚಾರಿತ್ರಿಕ ಪ್ರಮಾದ ಅಂತ ಕರೆದರು. ಇಲ್ಲೊಂದು ಮಾತು ಹೇಳಲೇಬೇಕು. ಪ್ರಧಾನಿ ಪಟ್ಟವೇ ಬಾಗಿಲಿಗೆ ಬಂದಾಗ ಒಂದು ಪಕ್ಷದ ಕೇಂದ್ರ ಸಮಿತಿ ಕೂತು ಚರ್ಚೆ ಮಾಡಿ ಬೇಡ ಅಂತ ಮತ ಹಾಕಿತು. ಅದು ತಪ್ಪೋ ಸರಿಯೋ, ತೀರ್ಮಾನ ಎಲ್ಲಿ ಆಯಿತು, ಯಾರು ಮಾಡಿದರು ಅಂತ ನಮಗೆ ಗೊತ್ತು. ನಮ್ಮ ದೇಶದ ಪಕ್ಷಗಳಲ್ಲಿ ಇದು ಅಪರೂಪ.

ಹೀಗೆ ಬಂದು ನಿಂತಿದ್ದು ಕರ್ನಾಟಕದ ಮುಖ್ಯಮಂತ್ರಿಯ ಹತ್ತಿರ. ಅವರು ಆಗ ಸಂಸತ್ ಸದಸ್ಯರೂ ಅಲ್ಲ. ಜೂನ್ 1ಕ್ಕೆ ಪ್ರಮಾಣ ವಚನ. ದೆಹಲಿಯ ಪತ್ರಿಕೆಗಳಿಗೆ ಅವರ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ. ಮುದ್ದೆ ತಿನ್ನುತ್ತಾರೆ, ಹಿಂದಿ ಬರೋದಿಲ್ಲ, ಸಭೆಯಲ್ಲಿ ತೂಕಡಿಸುತ್ತಾರೆ. ಕಣ್ಣು ಮುಚ್ಚಿದ ಫೋಟೋಗಳು ಎಷ್ಟು ಅಚ್ಚಾದವು! ವ್ಯಂಗ್ಯಚಿತ್ರಕಾರರಿಗೆ ಬೇರೆ ಕೆಲಸವೇ ಬೇಡ ಅನ್ನೋ ಹಾಗೆ ಆಯಿತು.

ಆ ಕಣ್ಣು ಮುಚ್ಚಿದ ಕಾಲದಲ್ಲಿ ಏನೇನು ನಡೆಯಿತು ನೋಡಿ. ಸೆಪ್ಟೆಂಬರಿನಲ್ಲಿ ಮಹಿಳಾ ಮೀಸಲಾತಿ ಮಸೂದೆ ಮೊದಲ ಸಲ ಲೋಕಸಭೆಗೆ ಬಂತು. ಅದೇ ಹೊತ್ತಿಗೆ ಜಮ್ಮು ಕಾಶ್ಮೀರದಲ್ಲಿ 1987ರ ನಂತರದ ಮೊದಲ ವಿಧಾನಸಭಾ ಚುನಾವಣೆ ನಡೆಯಿತು. ಡಿಸೆಂಬರ್ 12ರಂದು ಬಾಂಗ್ಲಾದೇಶದ ಜೊತೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಬಿತ್ತು, 30 ವರ್ಷದ ಒಪ್ಪಂದ ಅದು. 1997ರ ಜನವರಿಯಲ್ಲಿ ಅಸ್ಸಾಮಿನ ಬೋಗಿಬೀಲ್ ಸೇತುವೆಗೆ ಅಡಿಗಲ್ಲು ಹಾಕಿದರು. ಆ ಸೇತುವೆ ಮುಗಿದು ಉದ್ಘಾಟನೆ ಆಗಿದ್ದು 2018ರ ಡಿಸೆಂಬರಿನಲ್ಲಿ. ಮಹಿಳಾ ಮೀಸಲಾತಿ ಪಾಸಾಗಿದ್ದು 2023ರಲ್ಲಿ.

ಈ ಸಾಧನೆಗಳ ಪಟ್ಟಿ ಕೊಟ್ಟು ಅವರು ದೊಡ್ಡ ಪ್ರಧಾನಿ ಅಂತ ಸಾಬೀತು ಮಾಡೋದು ನನ್ನ ಉದ್ದೇಶ ಅಲ್ಲ. ಅವರ ಪಕ್ಷ ಆಮೇಲೆ ಒಂದು ಮನೆಯ ಪಕ್ಷ ಆಯಿತು, ಅದನ್ನು ಬರೆಯುವಾಗ ನಾವು ಮೃದುವಾಗಬೇಕಾದ ಕಾರಣ ಇಲ್ಲ. ಆದರೆ 1997ರ ಮಾರ್ಚ್ 30ರಂದು ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿ ಗೌಡರ ಸರ್ಕಾರಕ್ಕೆ ಹೊರಗಿನಿಂದ ಕೊಡುತ್ತಿದ್ದ ಬೆಂಬಲ ವಾಪಸ್ ತಗೊಂಡಾಗ ಅದಕ್ಕೆ ಕೊಟ್ಟ ಕಾರಣ ಏನು ಅಂತ ಹುಡುಕಿ ನೋಡಿ. ಗಟ್ಟಿಯಾದ ಒಂದು ಕಾರಣ ನಿಮ್ಮ ಕೈಗೆ ಸಿಗುವುದು ಕಷ್ಟ. 140 ಸಂಸದರ ಪಕ್ಷವೊಂದು ಒಂದು ಸರ್ಕಾರ ಬೀಳಿಸಿತು. ಪಕ್ಷದೊಳಗೆ ಯಾರ ಜೊತೆ ಚರ್ಚೆ ಆಯಿತು, ಎಷ್ಟು ಸಂಸದರು ಒಪ್ಪಿದ್ದರು? ನಾವು ಹುಡುಕಬೇಕಾಗಿದ್ದ ಸುದ್ದಿ ಇದು. ನಾವು ಕೊಟ್ಟಿದ್ದು ಮುಂದಿನ ಪ್ರಧಾನಿ ಯಾರು ಅನ್ನುವ ಪಟ್ಟಿ.

ಮತಗಟ್ಟೆ ಸಮೀಕ್ಷೆಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ, ನೀವೇ ನೋಡಿದ್ದೀರಿ. 2004ರಲ್ಲಿ ‘ಭಾರತ ಪ್ರಕಾಶಿಸುತ್ತಿದೆ’ ಅಂತ ವಾಜಪೇಯಿ ಸರ್ಕಾರವೇ ಮತ್ತೆ ಬರುತ್ತದೆ ಅಂದರು, ಬಂದಿದ್ದು ಕಾಂಗ್ರೆಸ್ಸಿಗೆ 145, ಬಿಜೆಪಿಗೆ 138. 2024ರ ಜೂನ್ 1ರ ಸಂಜೆ ಎನ್‌ಡಿಎಗೆ 350ರ ಮೇಲೆ ಅಂದರು, ಕೆಲವರು 400 ದಾಟಿಸಿದರು. ಜೂನ್ 3ಕ್ಕೆ ಷೇರುಪೇಟೆ ಜಿಗಿಯಿತು. ಜೂನ್ 4ಕ್ಕೆ ಎಣಿಕೆ ಆಗುತ್ತಿದ್ದಂತೆ ಸೆನ್ಸೆಕ್ಸ್ 4,000 ಅಂಶಕ್ಕಿಂತ ಜಾಸ್ತಿ ಬಿತ್ತು. ಎನ್‌ಡಿಎಗೆ ಬಂದಿದ್ದು 293, ಬಿಜೆಪಿಗೆ 240. ಸಮೀಕ್ಷೆ ನಡೆಸಿದ ಒಬ್ಬರು ಸ್ಟುಡಿಯೋದಲ್ಲೇ ಅತ್ತರು. ಪಾಪ, ಅವರಾದರೂ ಅತ್ತರು.

ಹಾಗಾದರೆ ಏನು ಬರೆಯಬೇಕು ಅಂತ ನೀವು ಕೇಳಬಹುದು. ಪಕ್ಷ ಅನ್ನೋ ಸಂಸ್ಥೆಯನ್ನು ಬರೆಯಬೇಕು. ಒಂದು ಉದಾಹರಣೆ ಕೊಡುತ್ತೇನೆ. 2022ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ನಿಜವಾದ ಚುನಾವಣೆ ನಡೆಯಿತು. ಮಲ್ಲಿಕಾರ್ಜುನ ಖರ್ಗೆಯವರಿಗೆ 7,897 ಮತ, ಶಶಿ ತರೂರ್ ಅವರಿಗೆ 1,072. ನಿಜಲಿಂಗಪ್ಪನವರ ನಂತರ ಮತ್ತೊಬ್ಬ ಕನ್ನಡಿಗರು ಅಂತ ನಾವು ಖುಷಿಪಟ್ಟೆವು. ದೆಹಲಿಯವರು ‘ರಬ್ಬರ್ ಸ್ಟ್ಯಾಂಪ್’ ಆಗುತ್ತಾರಾ ಅಂತ ಚರ್ಚೆ ಮಾಡಿದರು. ಎರಡರಲ್ಲೂ ತಪ್ಪಿಹೋದ ಸುದ್ದಿ ಬೇರೆ ಇತ್ತು. ಚುನಾವಣೆಗೆ ಮುಂಚೆ ತರೂರ್, ಮನೀಶ್ ತಿವಾರಿ ಸೇರಿ ಐವರು ಸಂಸದರು ಪತ್ರ ಬರೆದು, ಮತದಾರರ ಪಟ್ಟಿಯನ್ನು ತೋರಿಸಿ ಅಂತ ಕೇಳಿದ್ದರು. ಒಂಬತ್ತು ಸಾವಿರಕ್ಕೂ ಜಾಸ್ತಿ ಪ್ರತಿನಿಧಿಗಳು. ಅವರನ್ನು ಆರಿಸಿದವರು ಯಾರು? ನಿಮ್ಮ ಜಿಲ್ಲೆಯಿಂದ ಮತ ಹಾಕಿದವರು ಯಾರು ಅಂತ ನಿಮ್ಮ ಜಿಲ್ಲೆಯ ಪತ್ರಿಕೆಯಲ್ಲಿ ಬಂದಿತ್ತಾ? ಬಂದಿದ್ದರೆ ನನಗೆ ಕಳಿಸಿಕೊಡಿ, ಓದಬೇಕು.

ಬಿಜೆಪಿಯಲ್ಲಿ 1980ರಿಂದ ಇಲ್ಲಿಯವರೆಗೆ ರಾಷ್ಟ್ರೀಯ ಅಧ್ಯಕ್ಷ ಸ್ಥಾನಕ್ಕೆ ಮತಪೆಟ್ಟಿಗೆ ಇಟ್ಟು ಸ್ಪರ್ಧೆಯೇ ನಡೆದಿಲ್ಲ. ಪ್ರತಿ ಸಲ ಅವಿರೋಧ. ಜೆ.ಪಿ. ನಡ್ಡಾ ಅವಧಿಯನ್ನು ವಿಸ್ತರಿಸಿದರು, ಅದು ಮುಗಿದ ಮೇಲೂ ಅವರೇ ಮುಂದುವರಿದರು. ಆ ಪಕ್ಷದ ಸ್ವಂತ ನಿಯಮದಲ್ಲೇ ಒಂದು ಮಾತಿದೆ: ಕನಿಷ್ಠ ಅರ್ಧದಷ್ಟು ರಾಜ್ಯ ಘಟಕಗಳಲ್ಲಿ ಸಂಘಟನಾ ಚುನಾವಣೆ ಮುಗಿದ ಮೇಲೆಯೇ ರಾಷ್ಟ್ರೀಯ ಅಧ್ಯಕ್ಷರ ಚುನಾವಣೆ. ಯಾವ ರಾಜ್ಯದಲ್ಲಿ ಮುಗಿಯಿತು, ಯಾವುದರಲ್ಲಿ ಇಲ್ಲ, ಯಾಕೆ ನಿಂತಿತು ಅಂತ ಬರೆದರೆ ಹತ್ತು ಒಳ್ಳೆಯ ವರದಿ ಆಗುತ್ತಿತ್ತು. ಬದಲಿಗೆ ನಮಗೆ ಸಿಕ್ಕಿದ್ದು ಸಂಭಾವ್ಯರ ಪಟ್ಟಿ. ಮತ್ತೆ ಅದೇ.

ಶಾಸಕರು, ಸಂಸದರು ಯಾಕೆ ಬಾಯಿ ಬಿಡೋದಿಲ್ಲ ಅನ್ನೋದಕ್ಕೆ ಕಾನೂನಿನ ಕಾರಣವೂ ಇದೆ. 1985ರಲ್ಲಿ ಪಕ್ಷಾಂತರ ನಿಷೇಧ ಬಂತು. ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಅದನ್ನು ಮೀರಿ ಮತ ಹಾಕಿದರೆ ಸ್ಥಾನ ಹೋಗಬಹುದು. ‘ಆಯಾರಾಂ ಗಯಾರಾಂ’ ಅಂತ ಕರೆಯುವ ಪಕ್ಷದಿಂದ ಪಕ್ಷಕ್ಕೆ ಜಿಗಿಯುವ ಆಟ ನಿಲ್ಲಿಸೋಕೆ ತಂದ ಕಾನೂನು ಪಕ್ಷದ ಮೇಲಿನವರ ಕೈಗೆ ದೊಡ್ಡ ಬೀಗ ಕೊಟ್ಟಿತು. ಬಾಂಬೆಯ ಹೋಟೆಲು, ರೆಸಾರ್ಟು, ಸಾಮೂಹಿಕ ರಾಜೀನಾಮೆ, ಇವೆಲ್ಲ ಆ ಬೀಗ ತೆಗೆಯೋಕೆ ಕಂಡುಕೊಂಡ ದಾರಿಗಳು. ಇದಕ್ಕೊಂದು ವಿಚಿತ್ರ ಹಿನ್ನೆಲೆ ಇದೆ, ವಿಷಯ ಬಿಟ್ಟು ಹೇಳುತ್ತಿದ್ದೇನೆ. ತುರ್ತು ಪರಿಸ್ಥಿತಿ ಘೋಷಣೆ ಆದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲಿದ್ದರು, 1975ರ ಜೂನ್ 26ರಂದು ಇಲ್ಲೇ ಬಂಧನ ಆಯಿತು. ಅವರು ಬಂದಿದ್ದು ಸಂಸದೀಯ ಸಮಿತಿಯ ಸಭೆಗೆ. ಆ ಸಮಿತಿ ಚರ್ಚಿಸುತ್ತಿದ್ದುದು ಪಕ್ಷಾಂತರ ತಡೆಯುವ ಮಸೂದೆಯನ್ನು.

ಪಕ್ಷದೊಳಗಿನ ಜಗಳ ಬಯಲಿಗೇ ಬಂದಿದ್ದನ್ನೂ ನಮ್ಮ ಊರು ನೋಡಿದೆ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಅಧ್ಯಕ್ಷರು ನಿಜಲಿಂಗಪ್ಪ. ಇಂದಿರಾ ಗಾಂಧಿ ಆರ್ಥಿಕ ನೀತಿಯ ಬಗ್ಗೆ ತಮ್ಮ ಟಿಪ್ಪಣಿ ಕಳಿಸಿದರು. ರಾಷ್ಟ್ರಪತಿ ಅಭ್ಯರ್ಥಿಯಾಗಿ ಅವರ ಇಷ್ಟಕ್ಕೆ ವಿರುದ್ಧವಾಗಿ ಸಂಜೀವ ರೆಡ್ಡಿಯವರ ಹೆಸರು ಬಂತು. ಜುಲೈ 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣ. ಆಗಸ್ಟಿನಲ್ಲಿ ಇಂದಿರಾ ಬೆಂಬಲದಿಂದ ವಿ.ವಿ. ಗಿರಿ ರಾಷ್ಟ್ರಪತಿ ಚುನಾವಣೆ ಗೆದ್ದರು. ನವೆಂಬರ್ 12ಕ್ಕೆ ಇಂದಿರಾ ಉಚ್ಚಾಟನೆ. ಅಲ್ಲಿಯವರೆಗೆ ಎಷ್ಟೋ ವಿಶ್ಲೇಷಕರ ಕಣ್ಣಿಗೆ ಪಕ್ಷ ಅಂದರೆ ಸಿಂಡಿಕೇಟ್ ಅನ್ನೋ ಹಿರಿಯ ನಾಯಕರ ಗುಂಪು, ಇಂದಿರಾ ಅಂದರೆ ಮಾತು ಬಾರದ ಗೊಂಬೆ. 1971ರ ಚುನಾವಣೆಯಲ್ಲಿ ಗೊಂಬೆಗೆ 352, ಸಿಂಡಿಕೇಟಿಗೆ 16. ಆ ಜಗಳದಲ್ಲಿ ಕನಿಷ್ಠ ಯಾವ ನೀತಿಗೆ ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಅನ್ನೋದು ಜನರ ಮುಂದೆ ಇತ್ತು.

ಕೊನೆಯದು ದುಡ್ಡು. ಅದರಲ್ಲಿ ಮಾತ್ರ ನಮ್ಮವರು ಇತ್ತೀಚೆಗೆ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. 2024ರ ಫೆಬ್ರುವರಿ 15ರಂದು ಹೆಸರು ಹೊರಗೆ ಬರದ ಹಾಗೆ ಪಕ್ಷಗಳಿಗೆ ದೇಣಿಗೆ ಕೊಡೋಕೆ ಇದ್ದ ಚುನಾವಣಾ ಬಾಂಡನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮಾರ್ಚಿನಲ್ಲಿ ಪಟ್ಟಿ ಹೊರಬಿತ್ತು. ಕೊಂಡವರದು ಒಂದು ಪಟ್ಟಿ, ನಗದು ಮಾಡಿಕೊಂಡ ಪಕ್ಷಗಳದು ಇನ್ನೊಂದು. ಬಾಂಡಿನ ಸಂಖ್ಯೆ ಬಂದ ಮೇಲೆ ವರದಿಗಾರರು ಎರಡನ್ನೂ ಜೋಡಿಸಿದರು. ಬಿಜೆಪಿಗೆ ಸುಮಾರು 6,000 ಕೋಟಿ ರೂಪಾಯಿ, ತೃಣಮೂಲಕ್ಕೆ 1,600 ಕೋಟಿ, ಕಾಂಗ್ರೆಸ್ಸಿಗೆ 1,400 ಕೋಟಿ. ಯಾವ ಕಂಪನಿಯ ಮೇಲೆ ಯಾವಾಗ ದಾಳಿ ಆಗಿತ್ತು, ಬಾಂಡ್ ಯಾವಾಗ ಕೊಂಡರು ಅಂತ ತಾರೀಕು ಸಮೇತ ಇಟ್ಟರು. ಅದರಲ್ಲಿ ‘ಮೂಲಗಳು’ ಇರಲಿಲ್ಲ. ‘ತಳ್ಳಿಹಾಕುವಂತಿಲ್ಲ’ ಕೂಡ ಇರಲಿಲ್ಲ.

ಬಾಂಡ್ ಹೋದರೂ ದೇಣಿಗೆ ನಿಂತಿಲ್ಲ. 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಪಕ್ಷಗಳು ಪ್ರತಿ ವರ್ಷ ಚುನಾವಣಾ ಆಯೋಗಕ್ಕೆ ಕೊಡಬೇಕು. ಅದು ಆಯೋಗದ ವೆಬ್‌ಸೈಟಿನಲ್ಲಿ ಸುಮ್ನೆ ಬಿದ್ದಿರುತ್ತದೆ. ಯಾರ ಅಪಾಯಿಂಟ್‌ಮೆಂಟೂ ಬೇಡ, ದೆಹಲಿಗೆ ದೌಡಾಯಿಸೋದೂ ಬೇಡ. ನಿಮ್ಮಲ್ಲಿ ಪತ್ರಿಕೋದ್ಯಮ ಓದುತ್ತಿರುವವರು ಒಂದು ಪಕ್ಷ ಹಿಡಿಯಿರಿ, ಒಂದು ವರ್ಷ ಹಿಡಿಯಿರಿ, ಕರ್ನಾಟಕದ ವಿಳಾಸ ಇರುವ ದಾನಿಗಳನ್ನು ಬೇರೆ ಮಾಡಿ. ಆಮೇಲೆ ಆ ವರ್ಷ ಅವರಲ್ಲಿ ಯಾರಿಗೆ ಯಾವ ಸರ್ಕಾರಿ ಗುತ್ತಿಗೆ ಸಿಕ್ಕಿತ್ತು ಅಂತ ಟೆಂಡರ್ ದಾಖಲೆಯ ಪಕ್ಕದಲ್ಲಿ ಇಟ್ಟು ನೋಡಿ. ಏನಾದರೂ ಸಿಕ್ಕರೆ ಬರೆಯಿರಿ. ಸಿಗದಿದ್ದರೆ ಸಿಗಲಿಲ್ಲ ಅಂತ ಬರೆಯಿರಿ, ಅದೂ ಸುದ್ದಿಯೇ.